ಇಂಡಸ್ಟ್ರಿಯಲ್ ಸೈಕಾಲಜಿ ಎಂ.ಎ.: ಮುಂಬೈ, ಪುಣೆಯಲ್ಲಿ ಅರ್ಜಿಯಿಂದ ಡಿಸರ್ಟೇಶನ್‌ವರೆಗೆ

ಕೆಲಸದ ಜಾಗದಲ್ಲಿ ಜನರ ವರ್ತನೆಯನ್ನು ಅಳೆದು ನೋಡುವ ಇಂಡಸ್ಟ್ರಿಯಲ್ ಸೈಕಾಲಜಿಯಲ್ಲಿ ಎಂ.ಎ. ಮಾಡಲು ಹೊರಟವರು ಎಡವುವುದು ಹೆಚ್ಚಾಗಿ ಎರಡು ಜಾಗಗಳಲ್ಲಿ. ವಿಶೇಷ ವಿಷಯದ ಗುಂಪು ಆರಿಸಲು ಮೂರನೇ ಸೆಮಿಸ್ಟರಿನ ಬಾಗಿಲಲ್ಲಿ ನಿಂತಾಗ ‘ಈ ವರ್ಷ ಇಂಡಸ್ಟ್ರಿಯಲ್ ಗುಂಪು ನಡೆಯುವುದಿಲ್ಲ, ಕೌನ್ಸೆಲಿಂಗ್ ತಗೊಳ್ಳಿ’ ಎಂಬ ಮಾತು ಕಿವಿಗೆ ಬೀಳುತ್ತದೆ. ಅದನ್ನು ದಾಟಿದವರು ನಾಲ್ಕನೇ ಸೆಮಿಸ್ಟರಿನ ಅರ್ಧ ಕಳೆದರೂ ಡಿಸರ್ಟೇಶನ್, ಅಂದರೆ ಸಂಶೋಧನಾ ಪ್ರಬಂಧಕ್ಕೆ ಮಾಹಿತಿ ಕಲೆಹಾಕಲು ಕಂಪನಿಯ ಗೇಟಿನೊಳಗೆ ಕಾಲಿಡಲು ಅನುಮತಿ ಸಿಗದೆ ಒದ್ದಾಡುತ್ತಾರೆ. ಎರಡೂ ಕಡೆ ತಪ್ಪಿರುವುದು ಕೆಲಸಗಳ ಕ್ರಮ. ಕಾಲೇಜು ಮೊದಲು, ವಿಷಯ ಆಮೇಲೆ. ಶೀರ್ಷಿಕೆ ಮೊದಲು, ಅನುಮತಿ ಆಮೇಲೆ ಎಂದು ಹೋದರೆ ಹೀಗೇ ಆಗುತ್ತದೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ.

## ಮೊದಲೇ ಕೈಯಲ್ಲಿರಬೇಕಾದವು

ಒಂದು ಲ್ಯಾಪ್‌ಟಾಪ್, ಅದರಲ್ಲಿ ಅಂಕಿಅಂಶದ ಲೆಕ್ಕ ಮಾಡುವ ಜಮೋವಿ ಅಥವಾ ಜಾಸ್ಪ್, ಜೊತೆಗೆ ಅಧ್ಯಯನಕ್ಕೆ ಎಷ್ಟು ಜನ ಬೇಕೆಂದು ಹೇಳುವ ಜಿ-ಪವರ್. ಈ ಮೂರು ಸಾಫ್ಟ್‌ವೇರೂ ಉಚಿತ. ದುಡ್ಡು ಕೊಟ್ಟು ಕೊಳ್ಳುವ ಎಸ್‌ಪಿಎಸ್‌ಎಸ್ ಇಲ್ಲದೆ ಆಗುವುದಿಲ್ಲ ಎಂದು ಹಿರಿಯ ವಿದ್ಯಾರ್ಥಿಗಳು ಹೇಳುತ್ತಾರೆ. ಎಂ.ಎ. ಮಟ್ಟದ ಲೆಕ್ಕಾಚಾರಕ್ಕೆ ಜಮೋವಿ ಸಾಕು. ಕಳ್ಳ ಪ್ರತಿ ಹಾಕಿಕೊಂಡು ವೈರಸ್ ತಂದುಕೊಳ್ಳುವ ಅಗತ್ಯವಿಲ್ಲ. ಗಳಿಸಿದ ಕ್ರೆಡಿಟ್ಟುಗಳ ಲೆಕ್ಕ ಇಡುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನ ಐಡಿ ಮಾಡಿಸಿಡಿ. ಅದರಲ್ಲಿರುವ ಹೆಸರು ಅಂಕಪಟ್ಟಿಯ ಹೆಸರಿಗೆ ಅಕ್ಷರಶಃ ಹೊಂದಬೇಕು. ಇನಿಷಿಯಲ್ ಮುಂದಿಟ್ಟು ಬರೆಯುವ ನಮ್ಮ ಪದ್ಧತಿಗೂ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ಬರೆಯುವ ಮಹಾರಾಷ್ಟ್ರದ ಪದ್ಧತಿಗೂ ತಿಕ್ಕಾಟ ಶುರುವಾಗುವುದು ಇಲ್ಲೇ.

## ಹಂತ 1: ಯಾವ ಪದವಿ ಬೇಕೆಂದು ತೀರ್ಮಾನಿಸಿ

ಹೆಸರು ಕೇಳಿದರೆ ಒಂದೇ ಅನ್ನಿಸುವ ಮೂರು ದಾರಿಗಳಿವೆ. ನೌಕರರ ಆಯ್ಕೆ, ತರಬೇತಿ, ಪ್ರೇರಣೆ, ಒತ್ತಡ, ನಾಯಕತ್ವ ಇವನ್ನು ಅಳೆದು ನೋಡುವುದನ್ನು ಕಲಿಸುವುದು ಸೈಕಾಲಜಿ ಎಂ.ಎ. ಸಂಬಳ, ಕಾನೂನು, ಯೂನಿಯನ್, ನೇಮಕಾತಿಯ ಆಡಳಿತ ಕಲಿಸುವುದು ಎಚ್‌ಆರ್ ಕೋರ್ಸು. ಮುಂಬೈಯ ದೇವನಾರದ ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಸೋಷಿಯಲ್ ಸೈನ್ಸಸ್‌ನ ಹೆಸರಾಂತ ಎಚ್‌ಆರ್ ಮತ್ತು ಲೇಬರ್ ರಿಲೇಶನ್ಸ್ ಕೋರ್ಸು ಈ ಎರಡನೇ ಸಾಲಿನದು. ಅಲ್ಲಿಯ ಅಪ್ಲೈಡ್ ಸೈಕಾಲಜಿ ಕ್ಲಿನಿಕಲ್ ಮತ್ತು ಕೌನ್ಸೆಲಿಂಗ್ ಕಡೆಗೆ ವಾಲಿದೆ. ಮೂರನೆಯದು ಎಂಬಿಎ.

ಅಳೆಯುವ ಕೆಲಸ, ಅಂದರೆ ಟೆಸ್ಟ್ ತಯಾರಿಕೆ, ಅಸೆಸ್‌ಮೆಂಟ್ ಸೆಂಟರ್ (ಅಭ್ಯರ್ಥಿಗಳಿಗೆ ಕೆಲಸದಂಥ ಚಟುವಟಿಕೆ ಕೊಟ್ಟು ಅಳೆಯುವ ಕ್ರಮ), ಸರ್ವೇ, ತರಬೇತಿಯ ಮೌಲ್ಯಮಾಪನ ಇಷ್ಟವಿದ್ದರೆ ಸೈಕಾಲಜಿಗೆ ಬನ್ನಿ. ಅಂಕಿಅಂಶ ಕಂಡರೆ ಮೈಮೇಲೆ ಮುಳ್ಳೇಳುವವರು ಎಚ್‌ಆರ್ ಕೋರ್ಸಿಗೆ ಹೋಗುವುದು ಲೇಸು. ಇಲ್ಲಿ ಅಂಕಿಅಂಶದಿಂದ ತಪ್ಪಿಸಿಕೊಳ್ಳುವ ಸಂದಿಯೇ ಇಲ್ಲ.

ಎಚ್ಚರಿಕೆಯ ಗುರುತುಗಳು ಎರಡು. ‘ಇದು ಮುಗಿಸಿದರೆ ಸೈಕಾಲಜಿಸ್ಟ್ ಲೈಸೆನ್ಸ್ ಸಿಗುತ್ತದೆ’ ಎಂದು ಯಾವ ಸಂಸ್ಥೆ ಹೇಳಿದರೂ ಎದ್ದು ಬನ್ನಿ. ರಿಹ್ಯಾಬಿಲಿಟೇಶನ್ ಕೌನ್ಸಿಲ್‌ನ ನೋಂದಣಿ ಕ್ಲಿನಿಕಲ್ ಸೈಕಾಲಜಿಯ ಮಾನ್ಯತೆ ಪಡೆದ ಕೋರ್ಸುಗಳಿಗೆ ಸಂಬಂಧಪಟ್ಟದ್ದು, ಇಂಡಸ್ಟ್ರಿಯಲ್‌ಗೆ ಅಲ್ಲ. ಇನ್ನೊಂದು ದೂರಶಿಕ್ಷಣದ ಆಮಿಷ. ಸೈಕಾಲಜಿಯೂ ಸೇರಿ ಆರೋಗ್ಯಸಂಬಂಧಿ ವಿಷಯಗಳಿಗೆ 2025ರ ಜುಲೈ–ಆಗಸ್ಟ್ ಅವಧಿಯಿಂದ ದೂರಶಿಕ್ಷಣ ಮತ್ತು ಆನ್‌ಲೈನ್ ಕ್ರಮದಲ್ಲಿ ಹೊಸ ಪ್ರವೇಶ ಕೊಡಬಾರದೆಂದು ಯುಜಿಸಿ ಹೇಳಿದೆ. ಹಳೆಯ ಜಾಹೀರಾತು ನಂಬಿ ದುಡ್ಡು ಕಟ್ಟಬೇಡಿ.

## ಹಂತ 2: ಇಂಡಸ್ಟ್ರಿಯಲ್ ಗುಂಪು ನಿಜವಾಗಿ ನಡೆಯುತ್ತದೆಯೇ ವಿಚಾರಿಸಿ

ಮುಂಬೈ ವಿಶ್ವವಿದ್ಯಾಲಯದ ಅನ್ವಯಿಕ ಮನೋವಿಜ್ಞಾನ ವಿಭಾಗ ಸಾಂತಾಕ್ರೂಜ್ ಪೂರ್ವದ ಕಲಿನಾದಲ್ಲಿ, ವಿದ್ಯಾನಗರಿ ಕ್ಯಾಂಪಸ್ಸಿನಲ್ಲಿದೆ. ಪುಣೆಯಲ್ಲಿ ಸಾವಿತ್ರಿಬಾಯಿ ಫುಲೆ ವಿಶ್ವವಿದ್ಯಾಲಯದ ವಿಭಾಗ ಗಣೇಶಖಿಂಡದಲ್ಲಿದೆ. ಹುಡುಗಿಯರಿಗೆ ಚರ್ಚ್‌ಗೇಟಿನ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದ ದಾರಿಯೂ ಇದೆ. ಇವಲ್ಲದೆ ಎರಡೂ ಊರಿನ ಕೆಲವು ಕಾಲೇಜುಗಳು ಸೈಕಾಲಜಿ ಎಂ.ಎ. ನಡೆಸುತ್ತವೆ.

ಪ್ರಾಸ್ಪೆಕ್ಟಸ್‌ನಲ್ಲಿ ಮೂರು ನಾಲ್ಕು ಸ್ಪೆಷಲೈಸೇಶನ್ ಅಚ್ಚಾಗಿರುತ್ತವೆ. ಅಚ್ಚಾದದ್ದೆಲ್ಲ ತರಗತಿಯಲ್ಲಿ ನಡೆಯಲೇಬೇಕೆಂದಿಲ್ಲ. ಆರಿಸಿಕೊಂಡವರು ಕಡಿಮೆಯಾದರೆ ಅಥವಾ ಆ ವಿಷಯದ ಪ್ರಾಧ್ಯಾಪಕರು ನಿವೃತ್ತರಾದರೆ ಗುಂಪು ಮುಚ್ಚಿಹೋಗುತ್ತದೆ. ಹಾಗಾಗಿ ಅರ್ಜಿ ತುಂಬುವ ಮೊದಲು ವಿಭಾಗಕ್ಕೇ ಹೋಗಿ, ಎರಡನೇ ವರ್ಷದ ವಿದ್ಯಾರ್ಥಿಗಳನ್ನು ಕ್ಯಾಂಟೀನಿನಲ್ಲಿ ಹಿಡಿದು ಈ ನಾಲ್ಕು ಪ್ರಶ್ನೆ ಕೇಳಿ. ಕಳೆದ ಎರಡು ವರ್ಷ ಇಂಡಸ್ಟ್ರಿಯಲ್ ಗುಂಪಿನಲ್ಲಿ ಎಷ್ಟು ಜನರಿದ್ದರು? ಗುಂಪು ನಡೆಯಲು ಕನಿಷ್ಠ ಎಷ್ಟು ಜನ ಬೇಕು? ಆ ಪೇಪರುಗಳನ್ನು ಕಲಿಸುವವರು ಕಾಯಂ ಅಧ್ಯಾಪಕರೋ, ಗಂಟೆ ಲೆಕ್ಕದವರೋ? ಗುಂಪಿನ ಹಂಚಿಕೆ ಇಚ್ಛೆಯಂತೆಯೋ, ಮೊದಲ ವರ್ಷದ ಅಂಕದಂತೆಯೋ?

ನಾಲ್ಕನೆಯದನ್ನು ಯಾರೂ ಕೇಳುವುದಿಲ್ಲ, ಅಳುವುದು ಅದರಿಂದಲೇ. ಅಂಕದ ಮೇಲೆ ಹಂಚುವ ಕಡೆ ಮೊದಲ ಸೆಮಿಸ್ಟರನ್ನು ಹಗುರವಾಗಿ ತೆಗೆದುಕೊಂಡವರು ಬೇಡದ ಗುಂಪಿಗೆ ಬೀಳುತ್ತಾರೆ.

## ಹಂತ 3: ಕಾಗದಪತ್ರ

ಧಾರವಾಡ, ಮೈಸೂರು, ಮಂಗಳೂರು ಕಡೆಯಿಂದ ಪದವಿ ಮುಗಿಸಿ ಬರುವವರು ಮೈಗ್ರೇಶನ್ ಸರ್ಟಿಫಿಕೇಟಿನ ಮೂಲಪ್ರತಿ, ಎಲ್ಲ ಸೆಮಿಸ್ಟರಿನ ಅಂಕಪಟ್ಟಿ, ಪಾಸಿಂಗ್ ಸರ್ಟಿಫಿಕೇಟ್, ಸಿಜಿಪಿಎಯನ್ನು ಶೇಕಡಾವಾರಿಗೆ ಬದಲಿಸುವ ಸೂತ್ರವಿರುವ ಪತ್ರ ಇವನ್ನು ಊರು ಬಿಡುವ ಮೊದಲೇ ತೆಗೆದಿಟ್ಟುಕೊಳ್ಳಿ. ಸೀಟು ಸಿಕ್ಕ ಮೇಲೆ ಇಲ್ಲಿಯ ವಿಶ್ವವಿದ್ಯಾಲಯದಿಂದ ಎಲಿಜಿಬಿಲಿಟಿ ಸರ್ಟಿಫಿಕೇಟ್ ಆಗಬೇಕು. ಅದಾಗದಿದ್ದರೆ ಪ್ರವೇಶ ತಾತ್ಕಾಲಿಕವಾಗಿಯೇ ಉಳಿದು, ಫಲಿತಾಂಶದ ಹೊತ್ತಿಗೆ ತಲೆನೋವಾಗುತ್ತದೆ.

ಮೀಸಲಾತಿಯ ವಿಚಾರದಲ್ಲಿ ಕನ್ನಡದ ಮನೆಗಳಲ್ಲಿ ತಪ್ಪು ತಿಳಿವಳಿಕೆ ಬಹಳ. ಕರ್ನಾಟಕದ ಜಾತಿ ಪ್ರಮಾಣಪತ್ರ ಇಟ್ಟುಕೊಂಡು ಮಹಾರಾಷ್ಟ್ರದ ಮೀಸಲು ಸೀಟು ಕೇಳಲು ಬರುವುದಿಲ್ಲ. ಓಪನ್ ವರ್ಗದಲ್ಲೇ ಲೆಕ್ಕ. ಮುಂಬೈಯಲ್ಲೇ ಹುಟ್ಟಿ ಬೆಳೆದವರಿಗೂ ಒಂದು ಷರತ್ತಿದೆ. ಕುಟುಂಬ ಗೊತ್ತುಪಡಿಸಿದ ದಿನಕ್ಕೆ ಮೊದಲೇ ಈ ರಾಜ್ಯದಲ್ಲಿ ನೆಲೆಸಿತ್ತೆಂದು ತೋರಿಸಬೇಕು: ಒಬಿಸಿಗೆ 13 ಅಕ್ಟೋಬರ್ 1967, ಪರಿಶಿಷ್ಟ ಜಾತಿಗೆ 10 ಆಗಸ್ಟ್ 1950, ಪರಿಶಿಷ್ಟ ಪಂಗಡಕ್ಕೆ 6 ಸೆಪ್ಟೆಂಬರ್ 1950. ಜಾತಿಯ ಹೆಸರು ಮಹಾರಾಷ್ಟ್ರದ ಪಟ್ಟಿಯಲ್ಲೂ ಇರಬೇಕು. ಅಜ್ಜ 1959ರಲ್ಲಿ ಹೋಟೆಲಿನ ಕೆಲಸಕ್ಕೆ ಬಂದವರಾದರೆ ಅವರು ಓದಿದ ರಾತ್ರಿಶಾಲೆಯ ದಾಖಲೆ, ಹಳೆಯ ರೇಷನ್ ಕಾರ್ಡು, ಬಾಡಿಗೆ ಚೀಟಿ ಇವೇ ಆಧಾರ. ಇವನ್ನು ಹುಡುಕಿ, ಪ್ರಮಾಣಪತ್ರ ಮಾಡಿಸಿ, ಅದು ಸಿಂಧುವೆಂಬ ವ್ಯಾಲಿಡಿಟಿ ಪತ್ರವನ್ನು ಪರಿಶೀಲನಾ ಸಮಿತಿಯಿಂದ ಪಡೆಯಲು ತಿಂಗಳುಗಳೇ ಹಿಡಿಯುತ್ತವೆ. ಪದವಿಯ ಕೊನೆಯ ವರ್ಷದಲ್ಲೇ ಶುರು ಮಾಡಿ.

## ಹಂತ 4: ಪ್ರವೇಶ ಪರೀಕ್ಷೆ

ಎರಡೂ ವಿಶ್ವವಿದ್ಯಾಲಯಗಳ ಪ್ರಕಟಣೆ ಸಾಮಾನ್ಯವಾಗಿ ಬೇಸಿಗೆಯಲ್ಲಿ ಬರುತ್ತದೆ. ಮಾರ್ಚ್ ಕೊನೆಯಿಂದ ವಾರಕ್ಕೊಮ್ಮೆ ಜಾಲತಾಣ ನೋಡುತ್ತಿರಿ.

ಓದುವ ಕ್ರಮ ಹೀಗಿರಲಿ: ಮೊದಲು ಸಂಶೋಧನಾ ವಿಧಾನ ಮತ್ತು ಅಂಕಿಅಂಶ, ಆಮೇಲೆ ಮನೋಮಾಪನ, ಕಲಿಕೆ–ನೆನಪು, ವ್ಯಕ್ತಿತ್ವ, ಸಾಮಾಜಿಕ ಮನೋವಿಜ್ಞಾನ. ಬಹಳ ಜನ ಫ್ರಾಯ್ಡ್‌ನಿಂದ ಶುರು ಮಾಡಿ ಅಂಕಿಅಂಶಕ್ಕೆ ಬರುವ ಹೊತ್ತಿಗೆ ದಿನ ಮುಗಿದಿರುತ್ತದೆ. ರಿಲಯಬಿಲಿಟಿಗೂ (ಅಳತೆ ಪ್ರತಿ ಸಲ ಒಂದೇ ರೀತಿ ಬರುವುದು) ವ್ಯಾಲಿಡಿಟಿಗೂ (ಅಳೆಯಬೇಕಾದದ್ದನ್ನೇ ಅಳೆಯುವುದು) ಇರುವ ವ್ಯತ್ಯಾಸ, ಟೈಪ್ 1 ಮತ್ತು ಟೈಪ್ 2 ದೋಷ (ಇಲ್ಲದ್ದನ್ನು ಇದೆ ಎನ್ನುವುದು, ಇರುವುದನ್ನು ಕಾಣದಿರುವುದು), ಯಾವ ಪ್ರಶ್ನೆಗೆ ಯಾವ ಟೆಸ್ಟ್ ಎಂಬುದು ನಿದ್ದೆಯಲ್ಲಿ ಕೇಳಿದರೂ ಬಾಯಿಗೆ ಬರಬೇಕು. ಬೇರೆ ವಿಷಯದಿಂದ ಬರುವವರು ಮೊದಲು ಅರ್ಹತೆಯ ನಿಯಮ ಓದಿಕೊಳ್ಳಿ. ಅವಕಾಶ ಇದ್ದರೆ ಎನ್‌ಸಿಇಆರ್‌ಟಿಯ 11 ಮತ್ತು 12ನೇ ತರಗತಿಯ ಸೈಕಾಲಜಿ ಪುಸ್ತಕಗಳಿಂದ ಆರಂಭಿಸಿ.

## ಹಂತ 5: ಮೊದಲ ವರ್ಷದಲ್ಲೇ ಎರಡನೇ ವರ್ಷದ ಬೀಜ ಬಿತ್ತಿ

ಮಹಾರಾಷ್ಟ್ರದಲ್ಲಿ 2023ರಿಂದ ಜಾರಿಗೆ ಬಂದ ಹೊಸ ಚೌಕಟ್ಟಿನಲ್ಲಿ ಎರಡು ವರ್ಷದ ಎಂ.ಎ. ಅಂದರೆ 88 ಕ್ರೆಡಿಟ್, ಸೆಮಿಸ್ಟರಿಗೆ 22. ಮೊದಲ ಸೆಮಿಸ್ಟರಿನಲ್ಲಿ ಸಂಶೋಧನಾ ವಿಧಾನಕ್ಕೆ 4, ಎರಡನೆಯದರಲ್ಲಿ ಆನ್ ದಿ ಜಾಬ್ ಟ್ರೇನಿಂಗ್ ಅಥವಾ ಫೀಲ್ಡ್ ಪ್ರಾಜೆಕ್ಟಿಗೆ 4, ಮೂರನೆಯದರಲ್ಲಿ ಸಂಶೋಧನಾ ಯೋಜನೆಗೆ 4, ನಾಲ್ಕನೆಯದರಲ್ಲಿ ಅದಕ್ಕೇ 6. ಒಂದು ವರ್ಷಕ್ಕೆ ಬಿಟ್ಟು ಹೋದರೆ 44 ಕ್ರೆಡಿಟ್‌ನ ಪಿಜಿ ಡಿಪ್ಲೊಮಾ ಸಿಗುತ್ತದೆ.

ಈ ಅಂಕಿಗಳಲ್ಲಿ ನಿಮಗೆ ಮುಖ್ಯವಾದದ್ದು ಎರಡನೇ ಸೆಮಿಸ್ಟರಿನ ಟ್ರೇನಿಂಗ್. ಕ್ರೆಡಿಟ್ಟಿಗೆ 30 ಗಂಟೆಯಂತೆ 120 ಗಂಟೆ ನೀವು ಒಂದು ಸಂಸ್ಥೆಯೊಳಗೆ ಇರುತ್ತೀರಿ. ಹಾಜರಾತಿ ತುಂಬಿಸಲು ಗೊತ್ತಿದ್ದವರ ಆಫೀಸಿನಲ್ಲಿ ಸಹಿ ಹಾಕಿಸಿಕೊಂಡು ಬರುವವರಿದ್ದಾರೆ. ಡಿಸರ್ಟೇಶನ್‌ಗೆ ಡೇಟಾ ಕೊಡಬಲ್ಲ ಜಾಗದಲ್ಲೇ ಈ 120 ಗಂಟೆ ಕಳೆಯಿರಿ: ಪುಣೆ ಬಳಿಯ ಚಾಕಣ, ಭೋಸರಿ, ಮುಂಬೈ ಬಳಿಯ ಠಾಣೆ–ಬೇಲಾಪುರ ಪಟ್ಟಿಯ ಕಾರ್ಖಾನೆ, ಪುಣೆಯ ಹಿಂಜವಡಿಯ ಐಟಿ ಕಂಪನಿ, ಗೋವಾದವರಾದರೆ ವೆರ್ಣಾ ಇಂಡಸ್ಟ್ರಿಯಲ್ ಎಸ್ಟೇಟ್. ಅಲ್ಲಿ ಮುಖ ಪರಿಚಯವಾದರೆ ಮುಂದಿನ ವರ್ಷ ಗೇಟು ತೆರೆಯುತ್ತದೆ.

## ಹಂತ 6: ಶೀರ್ಷಿಕೆಗಿಂತ ಮೊದಲು ಅನುಮತಿ ಪತ್ರ

ಗೈಡ್ ಒಪ್ಪಿದ ಚಂದದ ಶೀರ್ಷಿಕೆ ಹಿಡಿದುಕೊಂಡು ಕಂಪನಿಯಿಂದ ಕಂಪನಿಗೆ ಅಲೆಯುವುದೇ ಈ ಕೋರ್ಸಿನ ಮಾಮೂಲಿ ದೃಶ್ಯ. ತಿರುಗಿಸಿ ಮಾಡಿ. ಯಾವ ಸಂಸ್ಥೆ ಬಾಗಿಲು ತೆರೆಯುತ್ತದೆ, ಅಲ್ಲಿ ಎಷ್ಟು ಜನ ಸಿಗುತ್ತಾರೆ ನೋಡಿಕೊಂಡು ಆಮೇಲೆ ವಿಷಯ ಗಟ್ಟಿ ಮಾಡಿ.

ಎಷ್ಟು ಜನ ಬೇಕು ಎಂಬುದನ್ನು ಜಿ-ಪವರ್ ಹೇಳುತ್ತದೆ. ಎರಡು ಅಂಶಗಳ ನಡುವೆ 0.30ರ ಸಹಸಂಬಂಧ ಇರಬಹುದೆಂದು ಎಣಿಸಿ, ಆಲ್ಫಾ (ಇಲ್ಲದ ಸಂಬಂಧವನ್ನು ಇದೆ ಎಂದುಬಿಡುವ ಅಪಾಯ) 0.05, ಪವರ್ (ಇರುವ ಸಂಬಂಧ ಕಣ್ಣಿಗೆ ಬೀಳುವ ಸಾಧ್ಯತೆ) 0.80, ಎರಡೂ ಬದಿಯ ಪರೀಕ್ಷೆ ಎಂದು ಕೊಟ್ಟರೆ 84 ಬರುತ್ತದೆ. ಐದರಲ್ಲೊಂದು ಫಾರ್ಮು ಕೆಡುತ್ತದೆಂದು ಇಟ್ಟುಕೊಂಡರೆ 105 ಜನರಿಂದ ತುಂಬಿಸಬೇಕು. ಸಹಸಂಬಂಧ 0.20 ಎಂದು ಎಣಿಸಿದರೆ ಬೇಕಾಗುವ ಸಂಖ್ಯೆ 190 ದಾಟುತ್ತದೆ. ‘ಹಿಂದಿನವರು 60 ಮಾಡಿದ್ದರು’ ಎಂಬುದು ವೈವಾದಲ್ಲಿ, ಅಂದರೆ ಕೊನೆಯ ಮೌಖಿಕ ಪರೀಕ್ಷೆಯಲ್ಲಿ ಉತ್ತರವಾಗುವುದಿಲ್ಲ.

ಮಾಟುಂಗಾ ಸುತ್ತಿನ ಉಡುಪಿ ಹೋಟೆಲುಗಳಲ್ಲಿ ಪರಿಚಯ ಇದೆಯೆಂದು ಅಲ್ಲಿ ಅಧ್ಯಯನ ಮಾಡಲು ಹೊರಡುವವರಿಗೆ ಒಂದು ಮಾತು. ಒಂದು ಹೋಟೆಲಿನಲ್ಲಿ 12 ಜನ ಸಿಕ್ಕರೆ ಒಂಬತ್ತು ಹೋಟೆಲಾದರೂ ಬೇಕು. ಒಂದೇ ಹೋಟೆಲಿನ 12 ಜನರಿಗೆ ಒಬ್ಬನೇ ಧಣಿ, ಒಂದೇ ಅಡುಗೆಮನೆಯ ಬಿಸಿ. ಅವರ ಉತ್ತರಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. 12 ಬಿಡಿ ಜನರ ತೂಕ ಅವಕ್ಕಿಲ್ಲ. ಇದನ್ನು ವರದಿಯ ಮಿತಿಗಳಲ್ಲಿ ಬರೆಯಲೇಬೇಕು. ಹೋಗುವುದಾದರೆ ಮಧ್ಯಾಹ್ನ 3ರಿಂದ 4ರ ನಡುವೆ, ಊಟದ ಗಿರಾಕಿ ಕರಗಿ ಸಂಜೆಯ ತಿಂಡಿ ಶುರುವಾಗುವ ಮೊದಲು ಹೋಗಿ.

ಅನುಮತಿ ಕೇಳುವ ಪತ್ರ ಒಂದೇ ಪುಟ ಇರಲಿ. ವಿಭಾಗದ ಲೆಟರ್‌ಹೆಡ್, ಗೈಡ್ ಸಹಿ, ಒಬ್ಬರಿಗೆ ತಗಲುವ ನಿಮಿಷ, ಯಾವ ಶಿಫ್ಟಿನಲ್ಲಿ ಕೂರಿಸುತ್ತೀರಿ, ಕಂಪನಿಯ ಹೆಸರು ಬರೆಯುವುದಿಲ್ಲ ಎಂಬ ಮಾತು, ಪ್ರಶ್ನಾವಳಿಯ ಪ್ರತಿ. ಎಚ್‌ಆರ್ ಮ್ಯಾನೇಜರಿಗೆ ಸಂಶೋಧನೆಯ ಬಗ್ಗೆ ಆಕ್ಷೇಪ ಇರುವುದಿಲ್ಲ. ‘ಕೆಲಸ ಬಿಡುವ ಯೋಚನೆ ಇದೆಯೇ’ ಎಂಬ ಪ್ರಶ್ನೆ ಕಂಡು ಯೂನಿಯನ್ನಿನವರು ಏನೆಂದುಕೊಳ್ಳುತ್ತಾರೋ ಎಂಬ ಅಳುಕು ಇರುತ್ತದೆ. ಅಂಥ ಪ್ರಶ್ನೆ ನಿಮ್ಮ ವಿಷಯಕ್ಕೆ ಬೇಡವಾದರೆ ತೆಗೆದುಬಿಡಿ.

ಬಾಯಿಮಾತಿನ ‘ಆಯ್ತು, ಬನ್ನಿ’ಯನ್ನು ಅನುಮತಿ ಎಂದು ಲೆಕ್ಕ ಹಿಡಿಯಬೇಡಿ. ಮಾತು ಕೊಟ್ಟವರು ಕೆಲಸ ಬದಲಿಸಿದರೆ ಎಲ್ಲ ಮೊದಲಿನಿಂದ. ಕಂಪನಿಯ ಅನುಮತಿ ಗುತ್ತಿಗೆ ಕಾರ್ಮಿಕರಿಗೆ ಅನ್ವಯಿಸುತ್ತದೆಂದೂ ತಿಳಿಯಬೇಡಿ; ಗುತ್ತಿಗೆದಾರರನ್ನು ಬೇರೆಯಾಗಿ ಕೇಳಬೇಕು. ‘ಯಾರು ಏನು ಬರೆದಿದ್ದಾರೆ ನಮಗೂ ತೋರಿಸಿ’ ಎಂದು ಮ್ಯಾನೇಜರ್ ಕೇಳಿದರೆ ಅದು ಕೆಂಪು ದೀಪ. ಹತ್ತಕ್ಕಿಂತ ಚಿಕ್ಕ ಗುಂಪಿನ ಸರಾಸರಿಯನ್ನೂ ಕೊಡುವುದಿಲ್ಲ ಎಂದು ಪತ್ರದಲ್ಲೇ ಬರೆದಿದ್ದರೆ ಈ ಮುಜುಗರ ತಪ್ಪುತ್ತದೆ.

## ಹಂತ 7: ಪ್ರಶ್ನಾವಳಿ ಆರಿಸಿ, ಕನ್ನಡಕ್ಕೆ ತನ್ನಿ

ಮೊದಲು ಬಳಕೆಯ ಹಕ್ಕು ನೋಡಿ. ಕೆಲಸದಲ್ಲಿ ತೊಡಗುವಿಕೆಯನ್ನು ಅಳೆಯುವ ಯುಟ್ರೆಕ್ಟ್ ಸ್ಕೇಲಿನ 9 ವಾಕ್ಯಗಳ ರೂಪ ವ್ಯಾಪಾರವಲ್ಲದ ಸಂಶೋಧನೆಗೆ ಉಚಿತ. ಕೆಲಸದ ತೃಪ್ತಿಯನ್ನು ಅಳೆಯುವ 20 ವಾಕ್ಯಗಳ ಮಿನೆಸೋಟಾ ಸ್ಯಾಟಿಸ್‌ಫ್ಯಾಕ್ಷನ್ ಚುಟುಕು ರೂಪವೂ ಹಾಗೆಯೇ. ಕೆಲಸದಿಂದಾಗುವ ಬಳಲಿಕೆಯನ್ನು ಅಳೆಯುವ ಮ್ಯಾಸ್ಲಾಕ್ ಬರ್ನ್‌ಔಟ್ ಇನ್ವೆಂಟರಿಗೆ ದುಡ್ಡು ಕೊಟ್ಟು ಪರವಾನಗಿ ಪಡೆಯಬೇಕು. ಝೆರಾಕ್ಸ್ ಅಂಗಡಿಯಲ್ಲಿ ಸಿಕ್ಕ ಪ್ರತಿಯನ್ನು ಬಳಸಿದರೆ ಪ್ರಕಟಣೆಯ ಹೊತ್ತಿಗೆ ಸಿಕ್ಕಿಬೀಳುತ್ತೀರಿ.

ಪುಣೆ, ಮುಂಬೈಯ ಕೆಲಸದ ಜಾಗಗಳಲ್ಲಿ ಕಲಬುರಗಿ, ವಿಜಯಪುರ ಕಡೆಯಿಂದ ಬಂದ ಕನ್ನಡದ ಕಾರ್ಮಿಕರು ಬೇಕಾದಷ್ಟಿದ್ದಾರೆ. ಇಂಗ್ಲಿಷ್ ಫಾರ್ಮು ಕೊಟ್ಟರೆ ಅವರು ಪಕ್ಕದವನದನ್ನು ನೋಡಿ ಗುರುತು ಹಾಕುತ್ತಾರೆ. ಹಾಗಾಗಿ ಅನುವಾದ ಬೇಕು. ಪಠ್ಯಪುಸ್ತಕದಲ್ಲಿ ಹೇಳುವ ಕ್ರಮ ಸರಳ: ಒಬ್ಬರು ಕನ್ನಡಕ್ಕೆ ತರುವುದು, ಮೂಲ ನೋಡದ ಇನ್ನೊಬ್ಬರು ಅದನ್ನು ಇಂಗ್ಲಿಷಿಗೆ ಒಯ್ಯುವುದು, ಎರಡನ್ನೂ ಹೋಲಿಸುವುದು. ಇಷ್ಟಕ್ಕೇ ನಿಲ್ಲಿಸುವುದು ದೊಡ್ಡ ತಪ್ಪು.

ಒಂದು ವಾಕ್ಯ ಹತ್ತಿರದಿಂದ ನೋಡಿ. ಕೆಲಸ ಮಾಡುವಾಗ ಶಕ್ತಿ ತುಂಬಿ ತುಳುಕುತ್ತದೆ ಎಂಬ ಅರ್ಥದ ವಾಕ್ಯ ಯುಟ್ರೆಕ್ಟ್ ಸ್ಕೇಲಿನಲ್ಲಿದೆ. ಅಲ್ಲಿಯ ಇಂಗ್ಲಿಷ್ ಕ್ರಿಯಾಪದಕ್ಕೆ ಒಡೆಯುವುದು, ಸಿಡಿಯುವುದು ಎಂಬ ಅರ್ಥ. ನಿಘಂಟು ಹಿಡಿದು ‘ಕೆಲಸದಲ್ಲಿ ನಾನು ಶಕ್ತಿಯಿಂದ ಸಿಡಿಯುತ್ತೇನೆ’ ಎಂದು ಬರೆದರೆ, ಮರಳಿ ಇಂಗ್ಲಿಷಿಗೆ ಒಯ್ದವರು ಮೂಲದ ಪದವನ್ನೇ ಕೊಡುತ್ತಾರೆ. ಹೋಲಿಕೆಯಲ್ಲಿ ನೂರಕ್ಕೆ ನೂರು! ಆದರೆ ಕಾರ್ಮಿಕನ ಕಿವಿಗೆ ಸಿಡಿಯುವುದೆಂದರೆ ಸಿಟ್ಟು, ಸಿಡಿಮಿಡಿ. ‘ಹಂಗೇನಿಲ್ರಿ, ನಾ ಯಾರ ಮ್ಯಾಲೂ ಸಿಡಿಯಂಗಿಲ್ಲ’ ಎಂದುಕೊಂಡು ‘ಎಂದಿಗೂ ಇಲ್ಲ’ಕ್ಕೆ ಗುರುತು ಹಾಕುತ್ತಾನೆ. ಹುರುಪಿನ ಆಳು ನಿಮ್ಮ ಕಾಗದದಲ್ಲಿ ನಿರುತ್ಸಾಹಿಯಾಗುತ್ತಾನೆ. ‘ಕೆಲಸ ಮಾಡುವಾಗ ಮೈತುಂಬ ಹುರುಪಿರುತ್ತದೆ’ ಎಂದರೆ ಮುಗಿಯಿತು.

ಇಂಥದ್ದು ಸಿಕ್ಕಿಬೀಳುವುದು ಮೂರನೇ ಕೆಲಸದಲ್ಲಿ. ಐದಾರು ಜನ ನಿಜವಾದ ಕಾರ್ಮಿಕರನ್ನು ಒಬ್ಬೊಬ್ಬರಾಗಿ ಕೂರಿಸಿ ‘ಅಣ್ಣ, ಇದನ್ನು ಓದಿದಾಗ ನಿಮಗೆ ಏನು ಹೊಳೆಯಿತು?’ ಎಂದು ಪ್ರತಿ ವಾಕ್ಯಕ್ಕೂ ಕೇಳಿ. ನಂತರ 20–30 ಜನರ ಮೇಲೆ ಪೈಲಟ್, ಅಂದರೆ ಪ್ರಯೋಗದ ಸುತ್ತು ಮಾಡಿ. ಅನುವಾದಕ್ಕೆ ನೆರವು ಬೇಕಾದರೆ ಕಲಿನಾದ ಅದೇ ಕ್ಯಾಂಪಸ್ಸಿನಲ್ಲಿ ಮುಂಬೈ ವಿಶ್ವವಿದ್ಯಾಲಯದ ಕನ್ನಡ ವಿಭಾಗ ಇದೆ. ಪುಣೆಯವರು ಕನ್ನಡ ಸಂಘದಲ್ಲಿ ವಿಚಾರಿಸಬಹುದು.

ಇಲ್ಲ ಎಂಬ ಅರ್ಥದ ವಾಕ್ಯಗಳ ಬಗ್ಗೆ ವಿಶೇಷ ಎಚ್ಚರ ಬೇಕು. ‘ಈ ಕೆಲಸ ನನಗೆ ಬೇಸರ ತರುವುದಿಲ್ಲ’ ಎಂಬುದಕ್ಕೆ ‘ಒಪ್ಪುವುದಿಲ್ಲ’ ಎಂಬ ಉತ್ತರ ಇಟ್ಟರೆ ಎರಡು ಇಲ್ಲಗಳ ನಡುವೆ ಓದುವವರು ಕಳೆದುಹೋಗುತ್ತಾರೆ. ಉಲ್ಟಾ ವಾಕ್ಯ (ಒಪ್ಪಿದಷ್ಟೂ ಅಂಕ ಕಡಿಮೆಯಾಗಬೇಕಾದದ್ದು) ಬೇಕಾದರೆ ‘ಈ ಕೆಲಸ ಬೇಸರ ತರುತ್ತದೆ’ ಎಂದು ನೇರವಾಗಿ ಬರೆಯಿರಿ.

## ಹಂತ 8: ಡೇಟಾ ಶುದ್ಧಿ ಮಾಡಿ, ಆಮೇಲೆ ಲೆಕ್ಕ

ಮೊದಲು ಮೂಲ ಫೈಲಿನ ಪ್ರತಿ ತೆಗೆದು ಬೀಗ ಹಾಕಿಡಿ. ಎಲ್ಲ ವಾಕ್ಯಕ್ಕೂ ಒಂದೇ ಅಂಕ ಹಾಕಿದ ಸಾಲುಗಳನ್ನು, ಆನ್‌ಲೈನ್ ಆಗಿದ್ದರೆ ವಾಕ್ಯಕ್ಕೆ ಎರಡು ಸೆಕೆಂಡೂ ಕೊಡದವರನ್ನು ಗುರುತಿಸಿ. ಯಾರನ್ನು ಬಿಡುತ್ತೀರಿ ಎಂಬ ನಿಯಮವನ್ನು ಫಲಿತಾಂಶ ನೋಡುವ ಮೊದಲೇ ಬರೆದಿಡಿ. ಅನಂತರ ಉಲ್ಟಾ ವಾಕ್ಯಗಳ ಅಂಕವನ್ನು ತಿರುಗಿಸಿ, ಅದರ ನಂತರವೇ ಕ್ರಾನ್‌ಬಾಕ್ ಆಲ್ಫಾ, ಅಂದರೆ ಒಂದು ಸ್ಕೇಲಿನ ವಾಕ್ಯಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂಬ ಅಳತೆ. ಹಂತ 6ರ ಆಲ್ಫಾ ಬೇರೆ, ಇದು ಬೇರೆ.

ಆಲ್ಫಾ ಋಣಾತ್ಮಕ ಬಂದರೆ ಗಾಬರಿ ಬೇಡ, ಎಲ್ಲೋ ಉಲ್ಟಾ ವಾಕ್ಯ ತಿರುಗಿಸಲು ಮರೆತಿದ್ದೀರಿ. 0.70ಕ್ಕಿಂತ ಕೆಳಗಾದರೆ ಅನುವಾದ ನೋಡಿ. 0.95 ದಾಟಿದರೆ ಖುಷಿಪಡಬೇಡಿ: ಒಂದೇ ಮಾತನ್ನು ಹಲವು ಸಲ ಕೇಳಿದ್ದೀರಿ, ಇಲ್ಲವೇ ಜನ ಕಣ್ಣುಮುಚ್ಚಿ ಒಂದೇ ಕಾಲಮ್ಮಿಗೆ ಗುರುತು ಹಾಕಿದ್ದಾರೆ. ಒಬ್ಬರೇ ಒಂದೇ ಹೊತ್ತಿನಲ್ಲಿ ಎರಡೂ ಸ್ಕೇಲ್ ತುಂಬಿರುವುದರಿಂದ ಸಹಸಂಬಂಧ ಸ್ವಲ್ಪ ಉಬ್ಬಿರುತ್ತದೆ. ಒಂದು ಅಂಶವನ್ನಾದರೂ ಮೇಲ್ವಿಚಾರಕರಿಂದಲೋ ಹಾಜರಿ ಪುಸ್ತಕದಿಂದಲೋ ಪಡೆದರೆ ಅಧ್ಯಯನದ ತೂಕವೇ ಬೇರೆ. ಹಾಗೆ ಹೊಂದಿಸಲು ಹೆಸರಿನ ಬದಲು ಕೋಡ್ ಸಂಖ್ಯೆ ಬಳಸಿ, ಒಪ್ಪಿಗೆ ಪತ್ರದಲ್ಲೇ ಇದನ್ನು ತಿಳಿಸಿ. ಯಾವ ಹೆಸರಿಗೆ ಯಾವ ಕೋಡ್ ಎಂಬ ಪಟ್ಟಿ ನಿಮ್ಮ ಬಳಿ ಮಾತ್ರ ಇರಲಿ.

## ಹಂತ 9: ವೈವಾ ಮತ್ತು ಆಚೆ

ಬೇರೆಯವರ ಬರಹದಿಂದ ಕದ್ದದ್ದಿದೆಯೇ ಎಂದು ನೋಡುವ ಹೋಲಿಕೆ ತಪಾಸಣೆಯಲ್ಲಿ ಶೇ. 10ರವರೆಗೆ ತೊಂದರೆಯಿಲ್ಲ ಎಂಬುದು ಯುಜಿಸಿಯ 2018ರ ನಿಯಮ. 10ರಿಂದ 40ರ ನಡುವೆ ಬಂದರೆ ತಿದ್ದಿ ಮತ್ತೆ ಕೊಡಬೇಕು. ಸಾಫ್ಟ್‌ವೇರ್‌ನಲ್ಲಿ ಪದ ಅದಲುಬದಲು ಮಾಡಿಸಿದ ಪುಟಗಳು ಪರೀಕ್ಷಕರಿಗೆ ಎರಡನೇ ಸಾಲಿನಲ್ಲೇ ಗೊತ್ತಾಗುತ್ತವೆ.

ವೈವಾದಲ್ಲೂ ಕೆಲಸದ ಸಂದರ್ಶನದಲ್ಲೂ ಹಳೆಯ ನೋಟ್ಸು ಕೈಕೊಡುವ ಎರಡು ಕಡೆ ಇವೆ. ಕೆಲಸದ ಸಾಧನೆಯನ್ನು ಮುಂಗಾಣಲು ಬುದ್ಧಿಶಕ್ತಿ ಪರೀಕ್ಷೆಯೇ ಮುಖ್ಯ ಆಧಾರ, ವ್ಯಾಲಿಡಿಟಿ 0.51 ಎಂಬುದು ಶ್ಮಿಟ್ ಮತ್ತು ಹಂಟರ್ ಅವರ 1998ರ ಲೆಕ್ಕ. 2022ರಲ್ಲಿ ಸ್ಯಾಕೆಟ್ ಮತ್ತು ಸಂಗಡಿಗರು ಹಳೆಯ ಲೆಕ್ಕದಲ್ಲಿ ಮಾಡಿದ ಅಂಕಿಅಂಶದ ತಿದ್ದುಪಡಿಗಳು ಅತಿಯಾಗಿದ್ದವೆಂದು ತೋರಿಸಿ ಅದನ್ನು 0.31ಕ್ಕೆ ಇಳಿಸಿದರು; ಪ್ರಶ್ನೆ, ಅಂಕ ಮೊದಲೇ ಗೊತ್ತುಮಾಡಿದ ಸ್ಟ್ರಕ್ಚರ್ಡ್ ಇಂಟರ್‌ವ್ಯೂ 0.42ರೊಂದಿಗೆ ಮೇಲೆ ಬಂತು. ಎರಡೂ ಅಂಕಿ ಹೇಳಿ, ಕಾರಣವನ್ನೂ ಹೇಳಿ. ನೋಟ್ಸು ಕೈಕೊಡುವ ಎರಡನೇ ಕಡೆ ಕಾನೂನು: ಹಳೆಯ ಕಾರ್ಮಿಕ ಕಾಯ್ದೆಗಳ ಬದಲು ಬಂದ ನಾಲ್ಕು ಕಾರ್ಮಿಕ ಸಂಹಿತೆಗಳು 21 ನವೆಂಬರ್ 2025ರಿಂದ ಜಾರಿಯಲ್ಲಿವೆ. 1947ರ ಕೈಗಾರಿಕಾ ವಿವಾದ ಕಾಯ್ದೆಯನ್ನೇ ಕಂಠಪಾಠ ಮಾಡಿ ಹೋಗಬೇಡಿ.

ಪಿಎಚ್‌ಡಿ ಮನಸ್ಸಿದ್ದರೆ ಎಂ.ಎ.ಯಲ್ಲಿ ಶೇ. 55 ಬೇಕು, ಮೀಸಲು ವರ್ಗಕ್ಕೆ 50. ಪಿಎಚ್‌ಡಿ ಪ್ರವೇಶಕ್ಕೆ ಬಳಸುವ ನೆಟ್ ಪರೀಕ್ಷೆಯಲ್ಲಿ ಸೈಕಾಲಜಿಯ ಕೋಡ್ 04. ಎಚ್‌ಆರ್ ಮತ್ತು ಕಾರ್ಮಿಕ ಕಲ್ಯಾಣಕ್ಕೆ ಬೇರೆ ಕೋಡ್, 55. ಅರ್ಜಿ ತುಂಬುವಾಗ ಆತುರದಲ್ಲಿ ಎರಡನೆಯದನ್ನು ಒತ್ತಿದರೆ ಓದಿದ್ದೇ ಒಂದು, ಪ್ರಶ್ನೆಪತ್ರಿಕೆಯೇ ಇನ್ನೊಂದು.